ಪಾಯಿಂಟ್ ಟೂ ಟೂ: ಬಾಲೆವಾಡಿಯ ರೈಫಲ್, ಊರಿನ ಕೋವಿ

ಈ ಚಾನೆಲ್‌ನಲ್ಲಿ ಮನೆ ಸಾಲ, ಆನ್‌ಸೈಟ್, ಮಕ್ಕಳಿಗೆ ಕನ್ನಡ ಓದಿಸೋದು ಹೇಗೆ ಅನ್ನೋ ಮಾತು ಕೇಳಿ ಅಭ್ಯಾಸ ಆದವರಿಗೆ ಇವತ್ತಿನ ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಬಂದೂಕಿನ ಬಗ್ಗೆ ಮಾತಾಡ್ತೀನಿ. ಅದರಲ್ಲೂ ಬಂದೂಕುಗಳ ಪೈಕಿ ತೀರಾ ಸಣ್ಣದು ಅನ್ನಿಸಿಕೊಂಡಿರೋ .22 ರೈಫಲ್ ಬಗ್ಗೆ. ಪಾಯಿಂಟ್ ಟೂ ಟೂ ಅಂತಾರೆ ಎಲ್ಲರೂ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಹಿಂಜವಡಿ ಫೇಸ್ ಎರಡರಲ್ಲಿ ಕೆಲಸ, ವಾಕಡ್‌ನಲ್ಲಿ ಮನೆ. ಊರು ಸಾಗರದ ಹತ್ತಿರ, ಅಡಿಕೆ ತೋಟದವರು. ನಾನು ಪದಕ ಗೆದ್ದವನಲ್ಲ, ಕೋಚ್ ಕೂಡ ಅಲ್ಲ. ಆರು ವರ್ಷದಿಂದ ಭಾನುವಾರ ಬೆಳಗ್ಗೆ ಗುರಿ ಹೊಡೆಯೋಕೆ ಹೋಗ್ತೀನಿ, ಮೂರು ವರ್ಷದಿಂದ ನನ್ನದೇ ಒಂದು ರೈಫಲ್ ಇದೆ. ಈ ವಿಷಯದಲ್ಲಿ ನನ್ನ ಬಯೋಡೇಟಾ ಅಷ್ಟೇ.

ನಿಮ್ಮಲ್ಲಿ ಎಷ್ಟೋ ಜನ .22 ಹೊಡೆದಿದ್ದೀರಿ, ಆದರೆ ಅದರ ಹೆಸರು ಮರೆತಿದ್ದೀರಿ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದವರು ನೆನಪು ಮಾಡಿಕೊಳ್ಳಿ. ಕ್ಯಾಂಪು, 25 ಗಜ ದೂರದಲ್ಲಿ ಕಾಗದದ ಗುರಿ, ನೆಲದ ಮೇಲೆ ಬೋರಲು ಮಲಗಿ ಐದು ಗುಂಡು. ಹವಾಲ್ದಾರರು ‘ಭರ್’ ಅಂದಾಗ ತುಂಬೋದು, ‘ಖಾಲಿ ಕರ್’ ಅಂದಾಗ ತೆಗೆದು ತೋರಿಸೋದು. ಆಮೇಲೆ ಕಾಗದ ನೋಡೋಕೆ ಓಡಿದರೆ ಪಕ್ಕದವನ ಗುರಿಯಲ್ಲಿ ಏಳು ತೂತು, ನಿಮ್ಮದರಲ್ಲಿ ಮೂರು. ಅದೇ ರೈಫಲ್. ಪಟ್ಟಣದಲ್ಲಿ ಬೆಳೆದ ಮಧ್ಯಮ ವರ್ಗದ ಮಕ್ಕಳ ಕೈಗೆ ನಮ್ಮ ದೇಶದಲ್ಲಿ ಕಾನೂನುಬದ್ಧವಾಗಿ ಬಂದೂಕು ಬರೋದು ಬಹುಶಃ ಅಲ್ಲೊಂದೇ ಕಡೆ.

ಇದಕ್ಕೆ ಇಂಗ್ಲಿಷಿನಲ್ಲಿ ರಿಮ್‌ಫೈರ್ ಅಂತಾರೆ. ಯಾಕೆ ಅನ್ನೋದನ್ನ ಮಲೆನಾಡಿನವರಿಗೆ ಸುಲಭವಾಗಿ ಹೇಳಬಹುದು. ಹಳೇ ಕೇಪಿನ ಕೋವಿ ನೋಡಿದ್ದೀರಲ್ಲ, ನಳಿಗೆ ಬಾಯಿಂದ ಮಸಿ ಹಾಕಿ, ಗಜದಲ್ಲಿ ಜಡಿದು, ಚರೆ ತುಂಬಿ, ಹಿಂದುಗಡೆ ಒಂದು ಪುಟ್ಟ ಕೇಪು ಕೂರಿಸ್ತಾರೆ. ಬಡಿತ ಬಿದ್ದರೆ ಕೇಪಿನ ಕಿಡಿ ಮಸಿಗೆ ಹೋಗುತ್ತೆ. ಆಮೇಲೆ ಬಂದ ತೋಟೆ ಕೋವಿಯಲ್ಲಿ ಆ ಕೇಪು ತೋಟೆಯ ತಳದ ನಡುವೆ ಸೇರಿಕೊಂಡಿತು. ಪಾಯಿಂಟ್ ಟೂ ಟೂ ತೋಟೆಯಲ್ಲಿ ಬೇರೆ ಕೇಪು ಅಂತ ಇಲ್ಲವೇ ಇಲ್ಲ. ಹಿತ್ತಾಳೆಯ ತಳವನ್ನು ಸುತ್ತ ಮಡಚಿ ಒಂದು ಅಂಚು ಮಾಡಿರ್ತಾರೆ, ಆ ಅಂಚಿನ ಟೊಳ್ಳೊಳಗೆ ಕೇಪಿನ ಮದ್ದು. ರೈಫಲ್ಲಿನ ಮೊಳೆ ಅಂಚನ್ನು ಎಲ್ಲಿ ಕುಟ್ಟಿದರೂ ಹೊತ್ತಿಕೊಳ್ಳುತ್ತೆ. ಹಿತ್ತಾಳೆ ತೆಳು ಇದ್ದರೆ ಮಾತ್ರ ಅಂಚು ಜಜ್ಜುತ್ತೆ, ತೆಳು ಇರೋದರಿಂದ ಹೆಚ್ಚು ಒತ್ತಡ ತಡೆಯೋದಿಲ್ಲ, ಒತ್ತಡ ಕಡಿಮೆ ಇರೋದರಿಂದ ಗುಂಡು ಸಣ್ಣದು. ಒಂದು ಡಿಸೈನ್ ನಿರ್ಧಾರದಿಂದ ಉಳಿದೆಲ್ಲ ತಾನಾಗಿ ಬಂತು. ಎಂಜಿನಿಯರುಗಳಿಗೆ ಇಂಥದು ಇಷ್ಟ ಆಗುತ್ತೆ.

ಚರಿತ್ರೆ ಎರಡು ಸಾಲಲ್ಲಿ ಮುಗಿಸ್ತೀನಿ. 1857ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ .22 ಶಾರ್ಟ್ ತಂತು. 1887ರಲ್ಲಿ ಸ್ಟೀವನ್ಸ್ ಕಂಪನಿ ಅದನ್ನೇ ಉದ್ದ ಮಾಡಿ .22 ಲಾಂಗ್ ರೈಫಲ್ ತೋಟೆ ಮಾಡಿತು. ಇವತ್ತಿಗೂ ಅದೇ ಅಳತೆಯ ತೋಟೆ ನಡೀತಿದೆ. ನಾವು ಬರೆದ ಕೋಡು ಮೂರು ವರ್ಷ ಬದುಕಿದರೆ ಪಾರ್ಟಿ ಮಾಡ್ತೀವಿ.

ಅಂಕಿಗಳು ನೋಡಿ. ಗುಂಡಿನ ಅಗಲ 5.6 ಮಿಲಿಮೀಟರ್. ತೂಕ ಸಾಮಾನ್ಯವಾಗಿ 2.6 ಗ್ರಾಂ, ಬರೀ ಸೀಸ. ಸ್ಪರ್ಧೆಯ ತೋಟೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 330 ಮೀಟರ್, ಅಂದ್ರೆ ಶಬ್ದದ ವೇಗಕ್ಕಿಂತ ಒಂದು ಕೂದಲು ಕಡಿಮೆ. ಬೇಕಂತಲೇ ಹಾಗೆ ಮಾಡಿರ್ತಾರೆ. ಶಬ್ದದ ವೇಗಕ್ಕಿಂತ ಮೇಲೆ ಹೊರಟು ದಾರಿಯಲ್ಲಿ ಅದರ ಕೆಳಗಿಳಿಯೋ ಗುಂಡು ಆ ಗಡಿಯಲ್ಲಿ ಸ್ವಲ್ಪ ಅದುರುತ್ತೆ, ಗುರಿ ಕೆಡುತ್ತೆ. 50 ಮೀಟರ್ ದಾಟೋಕೆ ಆರನೇ ಒಂದು ಸೆಕೆಂಡಿನಷ್ಟು ಹೊತ್ತು ಸಾಕು. ಅಷ್ಟರಲ್ಲೇ ಅದು ನಳಿಗೆಯ ನೇರದಿಂದ ಸುಮಾರು 12 ಸೆಂಟಿಮೀಟರ್ ಕೆಳಗೆ ಬಿದ್ದಿರುತ್ತೆ. ಪಿಯುಸಿ ಫಿಸಿಕ್ಸ್, ಅರ್ಧ ಜಿ ಟಿ ಸ್ಕ್ವೇರ್, ಲೆಕ್ಕ ಹಾಕಿ ನೋಡಿ.

ಶಕ್ತಿ ಹೊರಡುವಾಗ ಸುಮಾರು 140 ಜೂಲ್. ಸೈನ್ಯದ ರೈಫಲ್‌ಗೆ ಹೋಲಿಸಿದರೆ ಏನೇನೂ ಅಲ್ಲ. ಹೆಗಲಿಗೆ ಒದೆಯೋದಿಲ್ಲ, ಸದ್ದು ಕಮ್ಮಿ. ಇದನ್ನೇ ಕೇಳಿ ಕೆಲವರು ‘ಆಟಿಕೆ’ ಅಂತಾರೆ. ಅವರ ಪಕ್ಕ ನಾನು ನಿಲ್ಲೋದಿಲ್ಲ. ಈ ಗುಂಡು ಮೇಲ್ಮುಖವಾಗಿ ಹೊರಟರೆ ಒಂದೂವರೆ ಕಿಲೋಮೀಟರ್ ಹೋಗುತ್ತೆ. ವಾಕಡ್ ಬ್ರಿಜ್ಜಿನಿಂದ ಒಂದೂವರೆ ಕಿಲೋಮೀಟರ್ ಅಂದ್ರೆ ಎಷ್ಟು ಬಾಲ್ಕನಿ ಬರ್ತವೆ ಅಂತ ಯೋಚನೆ ಮಾಡಿ. ಗಟ್ಟಿ ನೆಲಕ್ಕೋ ನೀರಿಗೋ ಓರೆಯಾಗಿ ತಾಗಿದರೆ ಪುಟಿದು ಎಲ್ಲಿಗೋ ಹೋಗುತ್ತೆ. ಸಣ್ಣ ಬಂದೂಕು ಅಂತ ಇಲ್ಲ, ಸಣ್ಣ ತೋಟೆ ಅಂತ ಮಾತ್ರ ಇದೆ.

ಈಗ ದಿನನಿತ್ಯದ ಉಪಯೋಗದ ವಿಷಯ. ಆನ್‌ಸೈಟ್‌ಗೆ ಟೆಕ್ಸಸ್ ಕಡೆ ಹೋದವರಿಗೆ ಗೊತ್ತಿರುತ್ತೆ, ಅಲ್ಲಿ ಹಳ್ಳಿ ಕಡೆಯ ಮನೆಗಳಲ್ಲಿ ಪಾಯಿಂಟ್ ಟೂ ಟೂ ಅನ್ನೋದು ನಮ್ಮಲ್ಲಿ ಕತ್ತಿ, ಹಾರೆ ಇದ್ದ ಹಾಗೆ. ಕೊಟ್ಟಿಗೆಗೆ ಇಲಿ ಬಂದರೆ, ಹಿತ್ತಲಲ್ಲಿ ಅಳಿಲು ಮೊಲದ ಕಾಟ ಜಾಸ್ತಿಯಾದರೆ, ಸಂಜೆ ಹೊತ್ತು ಹೋಗದಿದ್ದರೆ ಬೇಲಿ ಮೇಲೆ ಖಾಲಿ ಡಬ್ಬಿ ಸಾಲಾಗಿಟ್ಟು ಉರುಳಿಸೋಕೆ. ಐನೂರು ತೋಟೆಯ ಪೆಟ್ಟಿಗೆಗೆ ಅವರು ‘ಇಟ್ಟಿಗೆ’ ಅಂತಾರೆ, ಆಕಾರ ಹಾಗೇ ಇರುತ್ತೆ. ನಮ್ಮ ತಂಡದ ಅಮೆರಿಕನ್ ಮ್ಯಾನೇಜರು ತನ್ನ ಮಗಳಿಗೆ ಮೊದಲು ಕಲಿಸಿದ್ದು ಸೈಕಲ್ಲು, ಆಮೇಲೆ ಪಾಯಿಂಟ್ ಟೂ ಟೂ ಅಂತ ಊಟ ಮಾಡ್ತಾ ಹೇಳಿದ್ದ.

ಆ ಪಟ್ಟಿಯನ್ನ ಹಿಡಿದುಕೊಂಡು ಪುಣೆಗೆ ಬಂದರೆ ಒಂದೊಂದೇ ಗೆರೆ ಹೊಡೆದು ಹಾಕಬೇಕು. ಬೇಟೆ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಮುಗಿದ ಕಥೆ. ಖಾಲಿ ಜಾಗದಲ್ಲಿ ಡಬ್ಬಿ ಹೊಡೆಯೋದು? ಮುಳಶಿ ಕಡೆ ಯಾರದೋ ಫಾರ್ಮ್‌ಹೌಸ್ ಇದೆ, ಬಾ ಅಂತ ಕರೆಯೋ ಸ್ನೇಹಿತರು ಎಲ್ಲರಿಗೂ ಇರ್ತಾರೆ. ಹೋಗಬೇಡಿ. ಗುರಿ ಅಭ್ಯಾಸಕ್ಕೆ ಕೊಟ್ಟ ಲೈಸೆನ್ಸು ರೇಂಜಿನಲ್ಲಿ ಹೊಡೆಯೋಕೆ, ಗುಡ್ಡದಲ್ಲಿ ಹೊಡೆಯೋಕಲ್ಲ. ಇನ್ನು ಊರಿಂದ ನನಗೆ ಹೆಚ್ಚು ಬರೋ ಪ್ರಶ್ನೆ ಹಂದಿಯದು. ‘ನಿನ್ನ ಹತ್ರ ರೈಫಲ್ ಇದ್ಯಲ್ಲ, ಹಂದಿ ಹೊಡೆಯೋಕೆ ಆಗ್ತದಾ?’ ಆಗೋದಿಲ್ಲ. ಅನುಮತಿಯಿಲ್ಲದೆ ಹೊಡೆದರೆ ಅಪರಾಧ ಅನ್ನೋದು ಒಂದು. ಅದಿಲ್ಲದಿದ್ದರೂ 2.6 ಗ್ರಾಂ ಸೀಸ ಕಾಡುಹಂದಿಯನ್ನ ಕೊಲ್ಲೋದಿಲ್ಲ, ಗಾಯ ಮಾಡುತ್ತೆ. ಗಾಯಗೊಂಡ ಹಂದಿ ಮೂರು ದಿನ ನರಳಿ ಎಲ್ಲೋ ಸಾಯುತ್ತೆ, ಅಥವಾ ಬೆಳಗ್ಗೆ ಸೊಪ್ಪಿಗೆ ಹೋದ ಹೆಂಗಸಿನ ಮೇಲೆ ಎರಗುತ್ತೆ.

ಆತ್ಮರಕ್ಷಣೆಗೆ ಅಂತ ಪಾಯಿಂಟ್ ಟೂ ಟೂ ಕೇಳೋರೂ ಇದ್ದಾರೆ. ಅಪಾರ್ಟ್‌ಮೆಂಟಿನಲ್ಲಿ, ಸೆಕ್ಯೂರಿಟಿ ಗೇಟಿನ ಒಳಗೆ, ಒಂದು ಮೀಟರಿಗೂ ಉದ್ದದ ರೈಫಲ್ ಹಿಡಿದು ಯಾರಿಂದ ರಕ್ಷಣೆ ಅನ್ನೋದಕ್ಕೆ ನನಗಿನ್ನೂ ಉತ್ತರ ಸಿಕ್ಕಿಲ್ಲ.

ಹಾಗಾದರೆ ಪಟ್ಟಿಯಲ್ಲಿ ಉಳಿದದ್ದು ಒಂದೇ, ಕಾಗದಕ್ಕೆ ತೂತು ಹೊಡೆಯೋದು. ನಾನು ಇವತ್ತು ಹೇಳಬೇಕಂತ ಬಂದಿರೋದು ಆ ಒಂದೇ ಉಪಯೋಗ ಸಾಕು ಅಂತ, ಒಂದು ರೈಫಲ್‌ಗೂ ಸಾಕು, ಒಂದು ಆಯುಷ್ಯಕ್ಕೂ ಸಾಕು.

ಸ್ವಾರಸ್ಯ ಏನಪ್ಪಾ ಅಂದ್ರೆ ನಮ್ಮ ಕಾನೂನೂ ಇದನ್ನೇ ಹೇಳುತ್ತೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು, ಮೂರನೇ ಉಪಕಲಮು ಓದಿ. ಪಿಸ್ತೂಲು, ದೊಡ್ಡ ರೈಫಲ್ ಬೇಕು ಅಂದರೆ ಅರ್ಜಿದಾರ ತಕ್ಕ ಕಾರಣ ಕೊಡಬೇಕು, ಅಧಿಕಾರಿಗೆ ಅದು ಮನವರಿಕೆ ಆಗಬೇಕು. ಆದರೆ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯ ಗುರಿ ಅಭ್ಯಾಸಕ್ಕೆ .22 ರೈಫಲ್ ಕೇಳಿದರೆ, ಕಾಯ್ದೆಯ ಭಾಷೆ ಬೇರೆ: ಲೈಸೆನ್ಸು ಕೊಡತಕ್ಕದ್ದು. ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿ ಕೇಳುವ ರೈತನೂ ಅದೇ ಸಾಲಿನಲ್ಲಿ ಬರ್ತಾನೆ. ಅಂದ್ರೆ 1959ರಲ್ಲಿ ದೆಹಲಿಯಲ್ಲಿ ಕೂತು ಬರೆದವರ ಕಣ್ಣ ಮುಂದೆ ನನ್ನ ಅಪ್ಪನೂ ಇದ್ದ, ನಾನೂ ಇದ್ದೆ.

‘ಕೊಡತಕ್ಕದ್ದು’ ಅಂತ ಇದ್ದ ಮಾತ್ರಕ್ಕೆ ಕೌಂಟರಿನಲ್ಲಿ ಕೊಟ್ಟು ಕಳಿಸ್ತಾರೆ ಅಂತಲ್ಲ. ಅದರ ಮುಂದಿನ ಕಲಮಿನಲ್ಲಿ ನಿರಾಕರಿಸೋಕೆ ಕಾರಣಗಳೂ ಇವೆ, ಪೊಲೀಸ್ ವರದಿ ಬೇಕೇ ಬೇಕು. ವಯಸ್ಸು 21 ಆಗಿರಬೇಕು. 2016ರ ನಿಯಮಗಳ ಪ್ರಕಾರ ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ, ಬಂದೂಕನ್ನು ಭದ್ರವಾಗಿ ಇಡ್ತೀನಿ ಅಂತ ಮುಚ್ಚಳಿಕೆ. 2019ರ ತಿದ್ದುಪಡಿಯ ಮೇಲೆ ಸಾಮಾನ್ಯ ನಾಗರಿಕನಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಇಲ್ಲಿನವರಿಗೆ ಒಂದು ಮಾತು: ಹಿಂಜವಡಿ, ವಾಕಡ್ ಕಡೆಯವರು ಪುಣೆ ಕಮಿಷನರ್ ಕಚೇರಿಗೆ ಹೋಗಿ ಅರ್ಧ ದಿನ ಕಳೀಬೇಡಿ. 2018ರಿಂದ ನಮ್ಮದು ಪಿಂಪ್ರಿ ಚಿಂಚವಡ್ ಕಮಿಷನರೇಟು. ಬಾಡಿಗೆ ಮನೆ, ಬೇರೆ ರಾಜ್ಯದ ಆಧಾರ್ ಇದ್ದವರಿಗೆ ವಿಳಾಸದ ತನಿಖೆಯೇ ದೊಡ್ಡ ಕೆಲಸ. ನನಗೆ ಎಲ್ಲ ಸೇರಿ ಹದಿನಾಲ್ಕು ತಿಂಗಳು ಹಿಡಿಯಿತು. ಠಾಣೆಯಿಂದ ವಿಚಾರಣೆಗೆ ಬಂದ ದಿನ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಬಗ್ಗೆ ಏನೇನು ಬಂತು ಅನ್ನೋದು ಇನ್ನೊಂದು ಭಾಷಣ.

ಆದರೆ ಬಂದೂಕು ಹೊಡೆಯೋಕೆ ಬಂದೂಕು ಸ್ವಂತ ಇರಬೇಕಾಗಿಲ್ಲ. ಪುಣೆಯಲ್ಲಿ ಇರೋ ನಮಗೆ ಅದೃಷ್ಟ ಇದೆ. ಬಾಲೆವಾಡಿಯ ಶಿವಛತ್ರಪತಿ ಕ್ರೀಡಾ ಸಂಕೀರ್ಣ ದಾರಿಯಲ್ಲೇ ಇದೆ, ಹೈವೇಯಲ್ಲಿ ದಿನಾ ದಾಟ್ತೀರಿ. ಒಳಗೆ 10 ಮೀಟರ್, 25 ಮೀಟರ್, 50 ಮೀಟರ್ ಶೂಟಿಂಗ್ ರೇಂಜ್‌ಗಳಿವೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಗಗನ್ ನಾರಂಗ್ ತಮ್ಮ ಅಕಾಡೆಮಿ ನಡೆಸಿದ್ದು ಅಲ್ಲೇ.

ಮತ್ತೆ ಸ್ವಪ್ನಿಲ್ ಕುಸಾಳೆ. 2024ರ ಆಗಸ್ಟ್ 1, ಪ್ಯಾರಿಸ್ ಒಲಿಂಪಿಕ್ಸಿನ 50 ಮೀಟರ್ ರೈಫಲ್ ತ್ರೀ ಪೊಸಿಷನ್, ಕಂಚು. ಈ ವಿಭಾಗದಲ್ಲಿ ಭಾರತಕ್ಕೆ ಬಂದ ಮೊದಲ ಒಲಿಂಪಿಕ್ ಪದಕ. ಅವರು ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯವರು. ನಾವು ಊರಿಗೆ ಹೋಗುವಾಗ ಕಾಗಲ್, ನಿಪ್ಪಾಣಿ ಬರೋಕೆ ಮೊದಲು ಕೊಲ್ಹಾಪುರ ದಾಟ್ತೀವಲ್ಲ, ಆ ಕಡೆಯವರು. ಮಧ್ಯ ರೈಲ್ವೆಯ ಪುಣೆ ವಿಭಾಗದಲ್ಲಿ ಟಿಕೆಟ್ ಪರೀಕ್ಷಕರಾಗಿದ್ದವರು. ಅಭ್ಯಾಸ ಮಾಡಿದ್ದು ಬಾಲೆವಾಡಿಯಲ್ಲಿ. ಅವರ ಕೈಲಿದ್ದದ್ದು ನಾನು ಇಷ್ಟು ಹೊತ್ತು ವರ್ಣಿಸಿದ ಅದೇ ತೋಟೆ. ಫೈನಲ್ಲಿನಲ್ಲಿ ಮೊಣಕಾಲೂರಿ, ಮಲಗಿ, ನಿಂತು, ಹೀಗೆ 451.4 ಅಂಕ. ಟಿವಿಯಲ್ಲಿ ನೋಡಿದವರಿಗೆ ಬೋರು ಹೊಡೆದಿರಬಹುದು. ಯಾರೋ ಕೂತಿದ್ದಾರೆ, ಏನೂ ಆಗ್ತಿಲ್ಲ, ಮೂಲೆಯಲ್ಲಿ ಒಂದು ಅಂಕಿ ಬದಲಾಗುತ್ತೆ. ಆ ‘ಏನೂ ಆಗ್ತಿಲ್ಲ’ ಅನ್ನೋದರ ಒಳಗೆ ಏನಾಗ್ತಿರುತ್ತೆ ಅಂತ ಹೇಳ್ತೀನಿ ಕೇಳಿ.

50 ಮೀಟರ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್. ಅಂಗಿ ಗುಂಡಿಯಷ್ಟು. ಈಜುಕೊಳದ ಉದ್ದದಾಚೆ ಯಾರೋ ಅಂಗಿ ಗುಂಡಿ ಹಿಡಿದು ನಿಂತಿದ್ದಾರೆ ಅಂದುಕೊಳ್ಳಿ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 80 ಸೆಂಟಿಮೀಟರ್ ಇದ್ದರೆ, ಮುಂದಿನದು ಮಿಲಿಮೀಟರಿನ ಹತ್ತನೇ ಒಂದು ಭಾಗ ಸರಿದಾಗ ಗುಂಡು ಆರು ಮಿಲಿಮೀಟರ್ ಆಚೆ ಹೋಗುತ್ತೆ. ಅಷ್ಟು ಸರಿಸೋಕೆ ಏನು ಬೇಕು? ನಿಮ್ಮ ನಾಡಿ ಸಾಕು. ಮಲಗಿ ಹೊಡೆಯುವಾಗ ತೋಳಿಗೆ ಬಿಗಿದ ಪಟ್ಟಿಯ ಮೂಲಕ ಎದೆಬಡಿತ ರೈಫಲ್‌ಗೆ ಇಳಿಯೋದು ಕಣ್ಣಿಗೆ ಕಾಣುತ್ತೆ. ಮುಂದಿನ ಸೈಟು ಟಿಕ್ ಟಿಕ್ ಅಂತ ಕುಣೀತಿರುತ್ತೆ. ಬೆಳಗ್ಗೆ ಎರಡು ಕಾಫಿ ಕುಡಿದು ಬಂದವರಿಗೆ ಇನ್ನೂ ಚೆನ್ನಾಗಿ ಕಾಣುತ್ತೆ.

ಆಮೇಲೆ ಗಾಳಿ. ರೇಂಜಿನಲ್ಲಿ ಸಣ್ಣ ಬಾವುಟಗಳನ್ನ ನೆಟ್ಟಿರ್ತಾರೆ. ಅಡ್ಡಗಾಳಿ ಗಂಟೆಗೆ 10 ಕಿಲೋಮೀಟರ್ ಅಂದ್ರೆ ಕೆನ್ನೆಗೆ ಹಿತವಾಗಿ ತಾಕೋ ಗಾಳಿ. ಅದು ಗುಂಡನ್ನ ಒಂದೂವರೆ ಸೆಂಟಿಮೀಟರಿನಷ್ಟು ಪಕ್ಕಕ್ಕೆ ತಳ್ಳುತ್ತೆ. ಒಂದೊಂದು ವೃತ್ತಕ್ಕೂ ನಡುವೆ ಇರೋದು ಎಂಟೇ ಮಿಲಿಮೀಟರ್. ಅಂದ್ರೆ ಏನೂ ತಪ್ಪು ಮಾಡದೆ ಎರಡು ವೃತ್ತ ಆಚೆ.

ಹೊಸಬರು ಟ್ರಿಗರ್ ‘ಎಳೀತಾರೆ’. ನನ್ನ ಕೋಚ್ ಮರಾಠಿಯವರು, ಮೊದಲ ಆರು ವಾರ ನನಗೆ ಗುಂಡೇ ಕೊಡಲಿಲ್ಲ. ಖಾಲಿ ರೈಫಲ್ ಹಿಡಿದು, ಮುಂದಿನ ಸೈಟು ನೋಡ್ತಾ, ಟ್ರಿಗರ್ ಒತ್ತಬೇಕು. ಸೈಟು ಅಲುಗಿತೋ ಇಲ್ಲವೋ, ಅಷ್ಟನ್ನೇ ನೋಡಬೇಕು. ಉಸಿರು ಅರ್ಧ ಬಿಟ್ಟು ನಿಲ್ಲಿಸೋದು. ಎಂಟು ಸೆಕೆಂಡಲ್ಲಿ ಹೊಡೆಯಲಿಲ್ಲ ಅಂದ್ರೆ ರೈಫಲ್ ಇಳಿಸಿ ಮತ್ತೆ ಶುರು. ಈ ಇಳಿಸೋದು ಇದೆಯಲ್ಲ, ಅದೇ ಕಷ್ಟ. ಏಳು ಸೆಕೆಂಡು ಕಷ್ಟಪಟ್ಟಿದ್ದೀನಿ, ಇನ್ನೊಂದು ಸೆಕೆಂಡಿನಲ್ಲಿ ಬಿದ್ದುಬಿಡಲಿ ಅನ್ನೋ ಆಸೆ. ಶುಕ್ರವಾರ ಸಂಜೆ ಆರಕ್ಕೆ ಪ್ರೊಡಕ್ಷನ್‌ಗೆ ಕೋಡು ತಳ್ಳುವವನ ಆಸೆಯೂ ಇದೇ ಜಾತಿಯದು.

ನನಗೆ ಇದರಿಂದ ಏನು ಸಿಕ್ಕಿತು ಅಂತ ಕೇಳ್ತಾರೆ. ಏಕಾಗ್ರತೆ, ಮನಶ್ಶಾಂತಿ ಅಂತೆಲ್ಲ ಹೇಳೋಕೆ ನನಗೆ ಇಷ್ಟ ಇಲ್ಲ, ಆ ಮಾತು ಯೋಗದವರು, ಜಿಮ್ಮಿನವರು, ಆ್ಯಪಿನವರು ಎಲ್ಲರೂ ಹೇಳಿ ಸವೆಸಿದ್ದಾರೆ. ನಾನು ಹೇಳಬಹುದಾದದ್ದು ಇಷ್ಟು: ಒಂದು ಗಂಟೆಯಲ್ಲಿ ನಲವತ್ತು ಗುಂಡು ಹೊಡೀತೀನಿ. ಅಷ್ಟು ಹೊತ್ತೂ ಫೋನು ಲಾಕರಿನಲ್ಲಿ. ಪ್ರತಿ ಗುಂಡಿಗೂ ತಕ್ಷಣ ಒಂದು ಉತ್ತರ, ಅದನ್ನ ಯಾವ ಮ್ಯಾನೇಜರೂ ತಿದ್ದೋಕಾಗಲ್ಲ. 8.7 ಅಂದ್ರೆ 8.7. ವರ್ಷದ ಕೊನೆಯಲ್ಲಿ ಬೆಲ್ ಕರ್ವ್‌ಗೆ ಸಿಕ್ಕಿ 7 ಆಗೋದಿಲ್ಲ.

ಒಂದು ಸಣ್ಣ ಅಡ್ಡಮಾತು, ಕೊಡಗಿನದು. ನಮ್ಮ ಆಫೀಸಿನಲ್ಲಿ ವಿರಾಜಪೇಟೆ ಕಡೆಯ ಹುಡುಗಿಯೊಬ್ಬಳಿದ್ದಾಳೆ. ನನ್ನ ಹದಿನಾಲ್ಕು ತಿಂಗಳ ಲೈಸೆನ್ಸ್ ಕಥೆ ಕೇಳಿ ನಕ್ಕಳು. ಕೊಡವರಿಗೂ ಜಮ್ಮಾ ಭೂಮಿಯವರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. 1861ರಲ್ಲಿ ಬ್ರಿಟಿಷರ ಕಾಲದಲ್ಲಿ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸಿತು, ಅದನ್ನ ಪ್ರಶ್ನಿಸಿದ ಅರ್ಜಿಯನ್ನ ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ‘ತೋಕ್ ಪೂ’ ಇಟ್ಟು ಪೂಜೆ ಮಾಡ್ತಾರೆ. ತೋಕ್ ಅಂದ್ರೆ ಕೋವಿ, ಆ ಹೂವಿನ ಹೆಸರೇ ಕೋವಿ ಹೂವು. ಆಮೇಲೆ ಮರಕ್ಕೆ ತೆಂಗಿನಕಾಯಿ ಕಟ್ಟಿ ಹೊಡೆಯೋ ಸ್ಪರ್ಧೆ. ಅದರಲ್ಲಿ 12 ಬೋರಿನದೊಂದು, ಪಾಯಿಂಟ್ ಟೂ ಟೂನದೊಂದು, ಎರಡೂ ವಿಭಾಗ ಇಡ್ತಾರೆ, ಹೆಂಗಸರೂ ಹೊಡೀತಾರೆ. ಮನೆಮನೆಯಲ್ಲಿ ಕೋವಿ ಇರೋ ಕಡೆ ಅದಕ್ಕೊಂದು ಮರ್ಯಾದೆ, ಅದರ ಹಬ್ಬ, ಅದನ್ನ ಹೇಗೆ ಹಿಡಿಯಬೇಕು ಅಂತ ಗದರೋ ಅಜ್ಜಿ, ಎಲ್ಲ ಇದೆ. ವಾಕಡ್‌ನ ಹದಿನೇಳನೇ ಮಹಡಿಯಲ್ಲಿ ಅದ್ಯಾವುದೂ ಇಲ್ಲ.

ಇದನ್ನೇ ನನ್ನ ಹೆಂಡತಿ ಬೇರೆ ರೀತಿಯಲ್ಲಿ ಹೇಳಿದಳು. ಲೈಸೆನ್ಸು ಬಂದ ದಿನ ಅವಳ ಷರತ್ತು ಒಂದೇ: ರೈಫಲ್ ಮನೆಗೆ ಬರಕೂಡದು. ಮಗಳಿಗೆ ಆಗ ನಾಲ್ಕು ವರ್ಷ, ಅದಕ್ಕೇ ಅಂತ ನಾನು ಅಂದುಕೊಂಡು ಬೀರು, ಬೀಗ, ತೋಟೆ ಬೇರೆ ಕಡೆ ಅಂತೆಲ್ಲ ವಿವರಿಸೋಕೆ ಹೊರಟೆ. ಅವಳು ಮಗಳ ಮಾತಾಡ್ತಿರಲಿಲ್ಲ. ‘ಬೀಗದ ಕೈ ನಿಮ್ಮ ಹತ್ರಾನೇ ಇರುತ್ತಲ್ಲ’ ಅಂದಳು. ನಮ್ಮ ಕ್ಷೇತ್ರದಲ್ಲಿ ಲೇಆಫ್ ಆದವರನ್ನ, ರಾತ್ರಿ ಮೂರಕ್ಕೆ ನಿದ್ದೆ ಬಾರದೆ ಬಾಲ್ಕನಿಯಲ್ಲಿ ನಿಂತವರನ್ನ ಅವಳೂ ನೋಡಿದ್ದಾಳೆ. ಕೆಟ್ಟ ರಾತ್ರಿ ಯಾರಿಗೂ ಬರಬಹುದು, ಆ ರಾತ್ರಿ ಮನೆಯಲ್ಲಿ ಬಂದೂಕು ಇದ್ದರೆ ಒಂದು ತರಹ, ಇಲ್ಲದಿದ್ದರೆ ಇನ್ನೊಂದು ತರಹ. ಇದಕ್ಕೆ ನನ್ನ ಹತ್ತಿರ ಎದುರು ವಾದ ಇರಲಿಲ್ಲ, ಈಗಲೂ ಇಲ್ಲ. ನನ್ನ ರೈಫಲ್ಲೂ ತೋಟೆಯೂ ಕ್ಲಬ್ಬಿನ ಶಸ್ತ್ರಾಗಾರದಲ್ಲಿ ಇರ್ತವೆ. ಭಾನುವಾರ ರಿಜಿಸ್ಟರಿನಲ್ಲಿ ಸಹಿ ಮಾಡಿ ತಗೋತೀನಿ, ಸಹಿ ಮಾಡಿ ವಾಪಸ್ ಇಡ್ತೀನಿ. ಸ್ವಂತ ರೈಫಲ್ ಅಂದ್ರೆ ಗೋಡೆಗೆ ನೇತುಹಾಕೋದು ಅಂತ ಅಂದುಕೊಂಡವರಿಗೆ ಇದು ಸಪ್ಪೆ ಅನ್ನಿಸುತ್ತೆ. ನನಗೆ ನನ್ನ ಭುಜಕ್ಕೆ ಸರಿಯಾಗಿ ಹೊಂದಿಸಿದ ಹಿಡಿ, ನಾನೇ ಸರಿಪಡಿಸಿಕೊಂಡ ಸೈಟು, ಇಷ್ಟು ಬೇಕಿತ್ತು. ಅದು ಎಲ್ಲಿ ಮಲಗಿದರೂ ನನ್ನದೇ.

ಕಳೆದ ವರ್ಷ ಊರಿಂದ ಇನ್ನೊಂದು ಕೋವಿಯ ವಿಷಯ ಬಂತು. ಇದು ನಿಮ್ಮಲ್ಲಿ ಎಷ್ಟೋ ಮನೆಗೆ ಬಂದಿರುತ್ತೆ ಅಥವಾ ಬರಲಿದೆ, ಅದಕ್ಕೇ ಹೇಳ್ತೀನಿ. ನಮ್ಮದು ಈರುಳ್ಳಿ ಕೂಡ ಅಡುಗೆಮನೆಯೊಳಗೆ ಬಾರದ ಮನೆ, ಆದರೆ ಕೋವಿ ಇತ್ತು. ಮಂಗ, ಹಂದಿ ಬಂದಾಗ ಬೆದರಿಸೋಕೆ ಒಂದು ಈಡು. ಅಜ್ಜನ ಕಾಲದ ಒಂಟಿ ನಳಿಗೆಯ 12 ಬೋರು, ಬೆಳೆ ರಕ್ಷಣೆಯ ಲೈಸೆನ್ಸು. ಚಿಕ್ಕವನಿದ್ದಾಗ ಅಪ್ಪ ಪೇಟೆಯಿಂದ ತರ್ತಿದ್ದ ತೋಟೆ ಪೆಟ್ಟಿಗೆಯ ಮೇಲೆ ‘ಖಡ್ಕಿ’ ಅಂತ ಓದಿದ ನೆನಪು. ಅದು ಊರೋ ಕಂಪನಿಯೋ ಗೊತ್ತಿರಲಿಲ್ಲ. ಪುಣೆಗೆ ಬಂದ ಮೊದಲ ವಾರ ಲೋಕಲ್ ಟ್ರೈನಿನಲ್ಲಿ ಆ ಬೋರ್ಡು ನೋಡಿದೆ. 1869ರಿಂದ ಇರೋ ಮದ್ದುಗುಂಡು ಕಾರ್ಖಾನೆ ಇಲ್ಲಿದೆ.

ಅಪ್ಪನಿಗೆ ಈಗ 72. ಕೋವಿಯನ್ನ ನನ್ನ ಹೆಸರಿಗೆ ಮಾಡಿಸಿಕೋ ಅಂದ. 2016ರ ನಿಯಮದಲ್ಲಿ ಇದಕ್ಕೆ ದಾರಿ ಇದೆ: ಲೈಸೆನ್ಸುದಾರನಿಗೆ 70 ವರ್ಷ ಆದರೆ, ಅಥವಾ ಬಂದೂಕು ಅವನ ಹತ್ತಿರ 25 ವರ್ಷ ಇದ್ದರೆ, ಬದುಕಿದ್ದಾಗಲೇ ವಾರಸುದಾರನ ಹೆಸರಿಗೆ ವರ್ಗಾಯಿಸೋಕೆ ಅರ್ಜಿ ಕೊಡಬಹುದು. ಕಾನೂನಿನ ಲೆಕ್ಕದಲ್ಲಿ ನನಗೆ ಅಡ್ಡಿ ಇರಲಿಲ್ಲ, ನನ್ನದು ಒಂದು, ಅದು ಸೇರಿದರೆ ಎರಡು. ಅಪ್ಪನ ಮನಸ್ಸಲ್ಲೂ ಲೆಕ್ಕ ಸರಿಯಾಗಿತ್ತು. ಮಗನಿಗೆ ಬಂದೂಕಿನ ಹುಚ್ಚಿದೆ, ಮಗ ತಗೋತಾನೆ.

ನಾನು ಬೇಡ ಅಂದೆ. ಅಪ್ಪನಿಗೆ ಬೇಜಾರಾಯಿತು, ಎರಡು ವಾರ ಫೋನಿನಲ್ಲಿ ಅಮ್ಮನೇ ಮಾತಾಡಿದಳು. ನನ್ನ ವಾದ ಇಷ್ಟೇ. ಆ ಕೋವಿಯ ಕೆಲಸ ತೋಟ ಕಾಯೋದು. 600 ಕಿಲೋಮೀಟರ್ ದೂರ ಕೂತವನು ಯಾವ ಹಂದಿ ಬೆದರಿಸ್ತಾನೆ? ಲೈಸೆನ್ಸುದಾರ ನಾನಾದರೆ ಅದನ್ನ ಬೇರೆ ಯಾರು ಮುಟ್ಟಿದರೂ ಅಪರಾಧ, ಅಂದ್ರೆ ತೋಟಕ್ಕೆ ಕೋವಿಯೇ ಇಲ್ಲದ ಹಾಗೆ. ಮತ್ತೆ ಪ್ರತಿ ಚುನಾವಣೆಗೂ ಠಾಣೆಗೆ ಒಯ್ದು ಇಡಬೇಕು ಅಂದ್ರೆ, ಗ್ರಾಮ ಪಂಚಾಯ್ತಿಯಿಂದ ಲೋಕಸಭೆ ತನಕ ಯಾವುದೇ ಬರಲಿ, ನಾನು ರಜೆ ಹಾಕಿ ಬಸ್ಸು ಹತ್ತಬೇಕು. ಊರಲ್ಲಿ ಈಗಾಗಲೇ ಹೀಗೆ ಎಷ್ಟು ಕೋವಿಗಳಿವೆ ಗೊತ್ತಾ? ಅಪ್ಪ ತೀರಿಕೊಂಡಿದ್ದಾರೆ, ಮಗ ಬೆಂಗಳೂರಲ್ಲೋ ಸಿಯಾಟಲ್‌ನಲ್ಲೋ, ಲೈಸೆನ್ಸು ನವೀಕರಣ ಆಗಿಲ್ಲ, ಅಮ್ಮ ಒಬ್ಬಳೇ ಇರೋ ಮನೆಯ ಅಟ್ಟದಲ್ಲಿ ಕೋವಿ. ಆಕೆಗೆ ಗೊತ್ತಿಲ್ಲದೆ ಆಕೆ ಮೇಲೆ ಕೇಸು ಆಗೋ ಸ್ಥಿತಿ.

ನನ್ನ ತಂಗಿ ಇದ್ದಾಳೆ. ಬಿಎಸ್ಸಿ ಮಾಡಿ, ಸಾಗರದಲ್ಲೇ ಮದುವೆಯಾಗಿ, ಐದು ವರ್ಷದಿಂದ ನಮ್ಮ ತೋಟ ನೋಡಿಕೊಳ್ತಿರೋದು ಅವಳೇ. ಔಷಧಿ ಹೊಡೆಸೋದು, ಕೊನೆ ತೆಗೆಸೋದು, ಸೊಸೈಟಿಯಲ್ಲಿ ಅಡಿಕೆ ಹಾಕೋದು, ಎಲ್ಲ. ಅವಳೂ ವಾರಸುದಾರಳೇ. ‘ಅವಳ ಹೆಸರಿಗೆ ಮಾಡಿಸಿ’ ಅಂತ ನಾನು ಹೇಳಿದಾಗ ಅಪ್ಪ, ಹೆಂಗಸರಿಗೆ ಯಾಕೆ ಕೋವಿ ಅಂತ ಶುರು ಮಾಡಿದ. ನಾನು ವಾದ ಮಾಡಲಿಲ್ಲ. ತಂಗಿ ಮಾಡಿದಳು. ಹಂದಿ ಬಂದಾಗ ರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಹೋಗೋಕೆ ಹೆಂಗಸು ಆಗಬಹುದು, ಕೋವಿಗೆ ಮಾತ್ರ ಗಂಡಸು ಬೇಕಾ ಅಂದಳಂತೆ. ಈ ಮೇ ತಿಂಗಳಲ್ಲಿ ಅವಳ ಅರ್ಜಿ ಹೋಗಿದೆ. ತರಬೇತಿ ಪ್ರಮಾಣಪತ್ರ ಆಯಿತು, ಪೊಲೀಸ್ ವರದಿ ಬಾಕಿ. ಅಪ್ಪ ಈಗ ಅವಳಿಗೆ ಕೋವಿ ಒರೆಸೋದು, ಎಣ್ಣೆ ಹಾಕೋದು ಹೇಳಿಕೊಡ್ತಿದ್ದಾನೆ, ಬಯ್ದುಕೊಂಡೇ. ನಿಮ್ಮ ಊರಿನ ಮನೆಯಲ್ಲೂ ಒಂದು ಕೋವಿ ಇದ್ದರೆ, ಈ ದೀಪಾವಳಿಗೆ ಹೋದಾಗ ಅಪ್ಪನ ಹತ್ತಿರ ಲೈಸೆನ್ಸ್ ಪುಸ್ತಕ ಕೇಳಿ ತೆಗೆಸಿ, ನವೀಕರಣದ ತಾರೀಖು ನೋಡಿ. ಯಾರಿಗೂ ಬೇಡ ಅಂದ್ರೆ ಲೈಸೆನ್ಸ್ ಇರೋ ಬಂದೂಕು ವ್ಯಾಪಾರಿಗೆ ಕೊಡಬಹುದು, ಠಾಣೆಗೂ ಒಪ್ಪಿಸಬಹುದು. ಅಟ್ಟದಲ್ಲಿ ಬಿಡಬೇಡಿ.

ಕೊನೆಗೆ, ಇದನ್ನೆಲ್ಲ ಕೇಳಿ ‘ನನಗೂ ಹೊಡೀಬೇಕು’ ಅನ್ನಿಸಿದವರಿಗೆ. ನೇರ ಪಾಯಿಂಟ್ ಟೂ ಟೂಗೆ ಬರಬೇಡಿ. 10 ಮೀಟರ್ ಏರ್ ರೈಫಲ್‌ನಿಂದ ಶುರು ಮಾಡಿ. 4.5 ಮಿಲಿಮೀಟರಿನ, 20 ಜೂಲ್ ಒಳಗಿನ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಹಾಗಂತ ಅದನ್ನ ಬಾಲ್ಕನಿಯಿಂದ ಪಾರಿವಾಳಕ್ಕೆ ತಿರುಗಿಸಬೇಡಿ, ಕಣ್ಣಿಗೆ ತಗುಲಿದರೆ ಕಣ್ಣು ಹೋಗುತ್ತೆ. ಒಂದು ವರ್ಷ ಕ್ಲಬ್ಬಿನ ರೈಫಲ್‌ನಲ್ಲೇ ಹೊಡೀರಿ. ಮಳೆಗಾಲದಲ್ಲಿ, ಬಾಣೇರ್ ರಸ್ತೆಯ ಟ್ರಾಫಿಕ್ಕಿನಲ್ಲಿ, ರಿಲೀಸ್ ಇರೋ ವಾರದಲ್ಲಿ ಕೂಡ ಹೋಗ್ತಿದ್ದೀರಾ ಅಂತ ನೋಡಿಕೊಳ್ಳಿ. ನನ್ನ ಜೊತೆ ಸೇರಿದ ಒಂಬತ್ತು ಜನರಲ್ಲಿ ಈಗ ಇರೋದು ಮೂವರು. ಉಳಿದ ಆರು ಜನರಲ್ಲಿ ಇಬ್ಬರು ಜಾಕೆಟ್ಟು, ಗ್ಲೌಸು, ಶೂ ಎಲ್ಲ ಕೊಂಡಿದ್ದರು. ಅವು ಸೆಕೆಂಡ್ ಹ್ಯಾಂಡ್‌ನಲ್ಲಿ ಚೆನ್ನಾಗಿ ಸಿಗ್ತವೆ, ನನ್ನ ಜಾಕೆಟ್ಟು ಅಲ್ಲಿಂದಲೇ ಬಂದದ್ದು.

ಪ್ರಶ್ನೆ ಇದ್ದರೆ ಕೇಳಿ, ಲೈಸೆನ್ಸು ಬೇಗ ಮಾಡಿಸಿಕೊಡೋ ಏಜೆಂಟ್ ಯಾರು ಅನ್ನೋದೊಂದು ಬಿಟ್ಟು.